ತಂತ್ರಾಂಶ ನಿರ್ಮಾಣ ದಾಖಲೆಗಳ ಸಂಗ್ರಹ ಮತ್ತು ವಿಶ್ಲೇಷಣೆ: ಕನ್ನಡದ ದೃಷ್ಟಿಯಿಂದ ಒಂದು ಸಾಧನದ ವಿನ್ಯಾಸ

ಪ್ರಸ್ತಾವನೆ

ಕನ್ನಡ ಮತ್ತು ಗಣಕಯಂತ್ರದ ಸಂಬಂಧವನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆಗಳು ಬಹುಮಟ್ಟಿಗೆ ಲಿಪಿ, ಕೀಲಿಮಣೆ ಹಾಗೂ ಪಾರಿಭಾಷಿಕ ಪದಗಳಿಗೆ ಸಂಬಂಧಿಸಿದವು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಯುನಿಕೋಡ್ ಶಿಷ್ಟತೆಯ ಸ್ವೀಕಾರ ಇವುಗಳನ್ನು ಕುರಿತು ಸಾಕಷ್ಟು ಬರವಣಿಗೆ ನಡೆದಿದೆ. ಆದರೆ ತಂತ್ರಾಂಶವೊಂದು ಬರೆದವರ ಕೈಯಿಂದ ಬಳಕೆದಾರರ ಕೈಗೆ ಬರುವ ನಡುವೆ ಇನ್ನೊಂದು ಹಂತವಿದೆ. ಮನುಷ್ಯರು ಓದಬಲ್ಲ ಆಕರ ಸಂಕೇತವನ್ನೂ ಅದರೊಡನೆ ಇರುವ ಅನುವಾದಗಳನ್ನೂ ಯಂತ್ರವು ನಡೆಸಬಲ್ಲ ರೂಪಕ್ಕೆ ತರುವ ಈ ಹಂತವನ್ನು 'ನಿರ್ಮಾಣ' ಎನ್ನುತ್ತಾರೆ. ಈ ಕ್ರಿಯೆ ನಡೆಯುವಾಗ ಯಂತ್ರವು ತಾನು ಮಾಡಿದ ಪ್ರತಿಯೊಂದು ಕೆಲಸವನ್ನೂ ಸಾಲು ಸಾಲಾಗಿ ಬರೆದಿಡುತ್ತದೆ. ಬಿಲ್ಡ್ ಲಾಗ್ ಎಂದು ರೂಢಿಯಲ್ಲಿರುವ ಈ ಬರಹವನ್ನು ಇಲ್ಲಿ 'ನಿರ್ಮಾಣ ದಾಖಲೆ' ಎಂದು ಕರೆಯಲಾಗಿದೆ.

ದೊಡ್ಡ ತಂತ್ರಾಂಶವೊಂದರ ನಿರ್ಮಾಣ ದಾಖಲೆ ಸಾವಿರಾರು ಸಾಲುಗಳಷ್ಟು ಉದ್ದವಿರುತ್ತದೆ. ನಿರ್ಮಾಣ ವಿಫಲವಾದಾಗ ಮಾತ್ರ ಅದನ್ನು ತೆರೆದು ನೋಡುವುದು ವಾಡಿಕೆ. ಸಫಲವಾದರೆ ಅದನ್ನು ಯಾರೂ ಓದುವುದಿಲ್ಲ. ಕನ್ನಡದ ಮಟ್ಟಿಗೆ ತೊಡಕು ಇರುವುದು ಇಲ್ಲಿಯೇ. ಕನ್ನಡದ ಸಂದೇಶಗಳು ಕಳಚಿಹೋದಾಗ, ಒತ್ತಕ್ಷರಗಳ ನಿಯಮಗಳು ಬಿಟ್ಟುಹೋದಾಗ ನಿರ್ಮಾಣವು ಸಾಮಾನ್ಯವಾಗಿ ವಿಫಲವಾಗುವುದಿಲ್ಲ. ಅದು 'ಯಶಸ್ವಿ' ಎಂಬ ಸಾಲಿನೊಡನೆಯೇ ಮುಗಿಯುತ್ತದೆ. ಆದ್ದರಿಂದ ಸಫಲ ದಾಖಲೆಗಳನ್ನೂ ಸಂಗ್ರಹಿಸಿ, ಕನ್ನಡಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಅವುಗಳ ಮುಂದಿಡುವ ಸಾಧನವೊಂದು ಬೇಕು. ಅಂಥ ಸಾಧನದ ವಿನ್ಯಾಸ ಹೇಗಿರಬೇಕೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ನಿರ್ಮಾಣ ದಾಖಲೆಯ ಸ್ವರೂಪ

ನಿರ್ಮಾಣವನ್ನು ಯಂತ್ರಕ್ಕೆ ಒಪ್ಪಿಸುವ ಕ್ರಮ ಹಳೆಯದು. 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ರೂಪಿಸಿದ 'ಮೇಕ್' ಎಂಬ ಉಪಕರಣವು ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂಬುದನ್ನು ತಿಳಿದು, ಬದಲಾದುದನ್ನಷ್ಟೇ ಮತ್ತೆ ಕಟ್ಟುತ್ತಿತ್ತು. ಇಂದಿಗೂ ಆ ಕ್ರಮ ಬಳಕೆಯಲ್ಲಿದೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ 'ಡೆಬಿಯನ್' ಮುಕ್ತ ತಂತ್ರಾಂಶ ಯೋಜನೆಯಲ್ಲಿ ಬೇರೆ ಬೇರೆ ಬಗೆಯ ಗಣಕಯಂತ್ರಗಳಿಗಾಗಿ ಪ್ಯಾಕೇಜುಗಳನ್ನು ತಾವಾಗಿಯೇ ನಿರ್ಮಿಸುವ ಯಂತ್ರಗಳ ಜಾಲವೊಂದಿದೆ; ಅವುಗಳ ದಾಖಲೆಗಳು ಸಾರ್ವಜನಿಕರ ಪರಿಶೀಲನೆಗೆ ತೆರೆದಿವೆ.

ಡೆಬಿಯನ್ನಿನ ದಾಖಲೆಯೊಂದನ್ನು ಗಮನಿಸಿದರೆ ಅದರಲ್ಲಿ ಮೂರು ಭಾಗಗಳನ್ನು ಗುರುತಿಸಬಹುದು. ಆರಂಭದಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿ, ಯಂತ್ರದ ಬಗೆ, ಕಾಲ ಇತ್ಯಾದಿ ವಿವರಗಳಿರುತ್ತವೆ. ನಡುವೆ ನಿರ್ಮಾಣದ ಸುದೀರ್ಘ ವರದಿ. ಕೊನೆಯಲ್ಲಿ ಫಲಿತಾಂಶ, ತಗುಲಿದ ಸಮಯ ಹಾಗೂ ಬಳಸಿದ ಸ್ಥಳಾವಕಾಶದ ಸಾರಾಂಶ. ಶಾಸನಗಳ ಪರಿಚಯವುಳ್ಳವರಿಗೆ ಈ ರಚನೆ ಅಪರಿಚಿತವೆನಿಸದು. ಕಾಲವನ್ನೂ ಕರ್ತೃವನ್ನೂ ಹೇಳುವ ಆರಂಭ, ವಿಷಯವನ್ನು ಹೇಳುವ ನಡುಭಾಗ ಮತ್ತು ಮುಕ್ತಾಯ ಅಲ್ಲಿಯೂ ಉಂಟು. ಆರಂಭ ಮತ್ತು ಮುಕ್ತಾಯಗಳು ನಿಯತ ರೂಪದವಾದ್ದರಿಂದ ಯಂತ್ರಕ್ಕೆ ಸುಲಭವಾಗಿ ದಕ್ಕುತ್ತವೆ. ನಡುಭಾಗವು ಹತ್ತಾರು ಉಪಕರಣಗಳು ತಮ್ಮ ತಮ್ಮ ರೀತಿಯಲ್ಲಿ ಬರೆದ ಸಾಲುಗಳ ಮಿಶ್ರಣವಾದ್ದರಿಂದ ಅದರ ಅರ್ಥವಿವರಣೆಗೆ ಪರಿಶ್ರಮ ಬೇಕು.

2. ಕನ್ನಡ ಎಲ್ಲಿ ಕಳೆದುಹೋಗುತ್ತದೆ?

ಕನ್ನಡದಲ್ಲಿ ಸಂದೇಶಗಳನ್ನು ತೋರಿಸುವ ಬಹುಪಾಲು ಮುಕ್ತ ತಂತ್ರಾಂಶಗಳು 'ಗೆಟ್‌ಟೆಕ್ಸ್ಟ್' ಎಂಬ ವ್ಯವಸ್ಥೆಯನ್ನು ಅವಲಂಬಿಸಿವೆ. ಅದರಲ್ಲಿ ಇಂಗ್ಲಿಷ್ ವಾಕ್ಯವೇ ಕೀಲಿಕೈ. ಅದರ ಎದುರಿಗೆ ಕನ್ನಡದ ವಾಕ್ಯವನ್ನು ಬರೆದಿರುತ್ತಾರೆ. ನಿರ್ಮಾಣದ ವೇಳೆ ಈ ಅನುವಾದದ ಕಡತವನ್ನು ಯಂತ್ರರೂಪಕ್ಕೆ ತರಲಾಗುತ್ತದೆ. ಹೊಸ ಆವೃತ್ತಿಯಲ್ಲಿ ಇಂಗ್ಲಿಷ್ ವಾಕ್ಯದ ಒಂದಕ್ಷರ ಬದಲಾದರೂ ಹಳೆಯ ಕೀಲಿಕೈ ಹೊಂದುವುದಿಲ್ಲ. ಆಗ ಜೋಡಣೆಯ ಉಪಕರಣವು ಹೋಲಿಕೆಯುಳ್ಳ ಹಳೆಯ ಅನುವಾದವನ್ನು ತಂದಿಟ್ಟು ಅದಕ್ಕೆ 'ಸಂದೇಹಾಸ್ಪದ' ಎಂಬ ಗುರುತು ಹಚ್ಚುತ್ತದೆ. ಹೋಲಿಕೆ ಸಿಗದಿದ್ದರೆ ಆ ಸ್ಥಾನವನ್ನು ಖಾಲಿ ಬಿಡುತ್ತದೆ. ಸಂದೇಹಾಸ್ಪದ ಅನುವಾದಗಳನ್ನು ಯಂತ್ರರೂಪಕ್ಕೆ ಸೇರಿಸದಿರುವುದು ರೂಢಿ. ಪರಿಣಾಮವಾಗಿ ಬಳಕೆದಾರರಿಗೆ ಕನ್ನಡದ ಬದಲು ಇಂಗ್ಲಿಷ್ ವಾಕ್ಯ ಕಾಣಿಸುತ್ತದೆ.

ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಿಕೊಳ್ಳಬಹುದು. ಬೆಳಗಾವಿ ನಗರದ ಬಡಾವಣೆಗಳನ್ನೂ ಬಸ್ ಮಾರ್ಗಗಳನ್ನೂ ತೋರಿಸುವ ತಂತ್ರಾಂಶವೊಂದಿದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಟಿಳಕವಾಡಿ, ಶಹಾಪುರ, ವಡಗಾವಿ, ಸದಾಶಿವ ನಗರ, ಖಾನಾಪುರ ಮೊದಲಾದ ಹೆಸರುಗಳು ರೋಮನ್ ಲಿಪಿಯಲ್ಲಿ ಮೂಲವಾಗಿಯೂ ಕನ್ನಡ ಮತ್ತು ಮರಾಠಿಗಳಲ್ಲಿ ಅನುವಾದಗಳಾಗಿಯೂ ಇವೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದಾಗ 'ಬೆಲ್ಗಾಮ್' ಎಂಬುದು ರೋಮನ್ ಲಿಪಿಯಲ್ಲಿಯೂ 'ಬೆಳಗಾವಿ' ಆಯಿತು. ಅದಕ್ಕನುಗುಣವಾಗಿ ತಂತ್ರಾಂಶದ ಮೂಲವನ್ನು ತಿದ್ದಿದರೆ ಆಗುವುದೇನು? ಕನ್ನಡ ಅನುವಾದದಲ್ಲಿ ಮೊದಲಿನಿಂದಲೂ 'ಬೆಳಗಾವಿ' ಎಂದೇ ಇತ್ತು. ಅಲ್ಲಿ ತಿದ್ದಬೇಕಾದುದು ಏನೂ ಇಲ್ಲ. ಆದರೂ ಕೀಲಿಕೈ ಬದಲಾದ ಕಾರಣ ಸರಿಯಾಗಿಯೇ ಇದ್ದ ಕನ್ನಡ ರೂಪ ಸಂದೇಹಾಸ್ಪದವಾಗಿ ಹೊರಗುಳಿಯುತ್ತದೆ. ಇಂಗ್ಲಿಷಿನಲ್ಲಿ ಕನ್ನಡದ ಹೆಸರನ್ನು ಗೌರವಿಸಿದ ತಿದ್ದುಪಡಿಯೇ ಕನ್ನಡ ಪರದೆಯ ಮೇಲಿಂದ ಕನ್ನಡವನ್ನು ಅಳಿಸಿಹಾಕುತ್ತದೆ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಮುಂದೊಮ್ಮೆ ಪಟ್ಟಿಗೆ 'ಮಹಾಂತೇಶ ನಗರ' ಎಂಬ ಹೊಸ ಹೆಸರು ಸೇರಿತೆನ್ನೋಣ. ರೋಮನ್ ಲಿಪಿಯಲ್ಲಿ ಅದಕ್ಕೂ 'ಸದಾಶಿವ ನಗರ' ಎಂಬುದಕ್ಕೂ ಹಲವು ಅಕ್ಷರಗಳ ಹೋಲಿಕೆಯಿರುವುದರಿಂದ ಉಪಕರಣವು ಮಹಾಂತೇಶ ನಗರದ ಎದುರಿಗೆ ಸದಾಶಿವ ನಗರವೆಂಬ ಅನುವಾದವನ್ನೇ ಸಂದೇಹದ ಗುರುತಿನೊಡನೆ ಸೂಚಿಸಬಲ್ಲದು. ಸಂದೇಹಾಸ್ಪದವಾದುದನ್ನೂ ಸೇರಿಸಿಬಿಡಿ ಎಂಬ ಆಜ್ಞೆ ಕೊಟ್ಟು ನಿರ್ಮಿಸಿದರೆ ಒಂದು ಬಡಾವಣೆಗೆ ಹೋಗಬೇಕಾದ ಪ್ರಯಾಣಿಕರು ಇನ್ನೊಂದರ ಹೆಸರನ್ನು ಓದಬೇಕಾಗುತ್ತದೆ. ಆದ್ದರಿಂದ ಸಂದೇಹಾಸ್ಪದವಾದುದನ್ನು ಹೊರಗಿಡುವ ರೂಢಿಯೇ ಯುಕ್ತ. ಆದರೆ ಹೊರಗಿಟ್ಟಿದ್ದೇವೆಂಬ ಸಂಗತಿ ಯಾರಿಗಾದರೂ ತಿಳಿಯಬೇಕು.

ತಿಳಿಯುವ ಮಾರ್ಗ ದಾಖಲೆಯಲ್ಲಿಯೇ ಇದೆ. ಅಂಕಿಅಂಶ ಬೇಕೆಂದು ಕೇಳಿದರೆ ಗೆಟ್‌ಟೆಕ್ಸ್ಟಿನ ಉಪಕರಣವು ಎಷ್ಟು ಸಂದೇಶಗಳು ಅನುವಾದಗೊಂಡಿವೆ, ಎಷ್ಟು ಸಂದೇಹಾಸ್ಪದ, ಎಷ್ಟು ಖಾಲಿ ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯುತ್ತದೆ. ಮೇಲಿನ ಕಲ್ಪಿತ ತಂತ್ರಾಂಶದಲ್ಲಿ ಒಂದು ಆವೃತ್ತಿಯ ಸಾಲು 412, 37, 51 ಎಂದೂ ಮುಂದಿನ ಆವೃತ್ತಿಯದು 398, 63, 51 ಎಂದೂ ಇದ್ದರೆ ಕನ್ನಡದ ಪ್ರಮಾಣ ಶೇಕಡಾ 82.4ರಿಂದ 77.7ಕ್ಕೆ ಇಳಿದಿದೆ ಎಂದರ್ಥ. ಶೇಕಡಾ 80ರಷ್ಟು ಅನುವಾದವಾಗಿದ್ದರೆ ಮಾತ್ರ ಆ ಭಾಷೆಗೆ ಬೆಂಬಲವಿದೆಯೆಂದು ಬಿಡುಗಡೆಯ ಟಿಪ್ಪಣಿಯಲ್ಲಿ ಎಣಿಸುವ ಪದ್ಧತಿ 'ಗ್ನೋಮ್' ಯೋಜನೆಯಲ್ಲಿ ಬಳಕೆಯಾಗಿದೆ. ಆ ಅಳತೆಗೋಲನ್ನು ಇಲ್ಲಿಗೆ ಹಿಡಿದರೆ ಕನ್ನಡವು ಈ ಎರಡು ಆವೃತ್ತಿಗಳ ನಡುವೆ ಗೆರೆಯ ಕೆಳಗಿಳಿದಿದೆ. ಎರಡು ದಾಖಲೆಗಳೂ 'ಯಶಸ್ವಿ' ಎಂದೇ ಮುಗಿದಿರುತ್ತವೆ.

ಅನುವಾದವೇ ನಿರ್ಮಾಣವನ್ನು ನಿಲ್ಲಿಸುವ ಸಂದರ್ಭಗಳೂ ಇವೆ. ಇಂಗ್ಲಿಷಿನಲ್ಲಿ ಕರ್ತೃ, ಕ್ರಿಯೆ, ಕರ್ಮ ಎಂಬ ಅನುಕ್ರಮವಿದ್ದರೆ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಷ್ಟು ಕಡತಗಳನ್ನು ಇಂಥ ಜಾಗಕ್ಕೆ ಸಾಗಿಸಲಾಗುತ್ತಿದೆ ಎಂಬ ಸಂದೇಶದಲ್ಲಿ ಸಂಖ್ಯೆಗೂ ಜಾಗದ ಹೆಸರಿಗೂ ಒಂದೊಂದು ಸ್ಥಾನಸೂಚಕವಿರುತ್ತದೆ. ಅನುವಾದಕರು ಕನ್ನಡದ ಜಾಯಮಾನಕ್ಕೆ ತಕ್ಕಂತೆ ಅವುಗಳ ಕ್ರಮವನ್ನು ಬದಲಿಸಿ, 'ಇದು ಮೊದಲನೆಯದು, ಇದು ಎರಡನೆಯದು' ಎಂಬ ಅಂಕೆಯನ್ನು ಹಚ್ಚಲು ಮರೆತರೆ, ಸಂಖ್ಯೆ ಇರಬೇಕಾದಲ್ಲಿ ಹೆಸರು ಬಂದಿದೆ ಎಂದು ಉಪಕರಣವು ದೋಷ ವರದಿ ಮಾಡುತ್ತದೆ. ಎರಡೂ ಸ್ಥಾನಗಳಲ್ಲಿ ಹೆಸರುಗಳೇ ಇದ್ದರೆ ಮಾತ್ರ ಅದಕ್ಕೆ ದೋಷ ಕಾಣುವುದಿಲ್ಲ. 'ಬೆಳಗಾವಿಯಿಂದ ಖಾನಾಪುರಕ್ಕೆ' ಎಂಬುದು ಸದ್ದಿಲ್ಲದೆ 'ಖಾನಾಪುರದಿಂದ ಬೆಳಗಾವಿಗೆ' ಆಗಿಬಿಡುತ್ತದೆ.

ಫಾಂಟುಗಳ ವಿಷಯದಲ್ಲಿಯೂ ಇದೇ ಸ್ಥಿತಿ. ಅರವಿಂದ ವಿ.ಕೆ. ಅವರು ರೂಪಿಸಿದ 'ಗುಬ್ಬಿ' ಮತ್ತು 'ನವಿಲು', ರೆಡ್ ಹ್ಯಾಟ್ ಸಂಸ್ಥೆಯ ಆಶ್ರಯದಲ್ಲಿ ಬೆಳೆದ 'ಲೋಹಿತ್ ಕನ್ನಡ' ಇವು ಡೆಬಿಯನ್ನಿನಲ್ಲಿ ಪ್ಯಾಕೇಜುಗಳಾಗಿ ದೊರೆತ ಮುಕ್ತ ಕನ್ನಡ ಫಾಂಟುಗಳು. ಫಾಂಟಿನಲ್ಲಿ ಅಕ್ಷರಗಳ ಆಕೃತಿಗಳಷ್ಟೇ ಅಲ್ಲದೆ ಒತ್ತಕ್ಷರ, ಅರ್ಕಾವತ್ತು, ಗುಣಿತಾಕ್ಷರಗಳು ಹೇಗೆ ಕೂಡಬೇಕೆಂಬ ನಿಯಮಗಳೂ ಇರುತ್ತವೆ. ಈ ನಿಯಮಗಳಲ್ಲಿ ಒಂದು ಬಿಟ್ಟುಹೋದರೂ ಫಾಂಟು ನಿರ್ಮಾಣವಾಗುತ್ತದೆ. 'ಕ್ಷೇತ್ರ' ಎಂಬ ಪದ ಹಲಂತ ಚಿಹ್ನೆಗಳೊಡನೆ ಒಡೆದು ಕಾಣಿಸಿದಾಗಲೇ ಲೋಪ ಹೊರಬೀಳುತ್ತದೆ.

3. ಸಂಗ್ರಹದ ತತ್ವ: ಕಿರ್ದಿ ಮತ್ತು ಖತಾವಣಿ

ಇಂಥ ಲೋಪಗಳನ್ನು ಗುರುತಿಸುವ ಸಾಧನಕ್ಕೆ ಮೊದಲು ಸಂಗ್ರಹದ ಶಿಸ್ತು ಬೇಕು. ಉತ್ತರ ಕರ್ನಾಟಕದ ವರ್ತಕರ ಲೆಕ್ಕದ ಪದ್ಧತಿ ಇಲ್ಲಿ ಒಳ್ಳೆಯ ಮಾದರಿ. ಅಂದಂದಿನ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಬರೆಯುವುದು ಕಿರ್ದಿ; ಅದರಿಂದ ಆಯಾ ಖಾತೆಗೆ ಎತ್ತಿ ಬರೆಯುವುದು ಖತಾವಣಿ. ಖತಾವಣಿಯಲ್ಲಿ ತಪ್ಪಾದರೆ ಕಿರ್ದಿಯನ್ನು ನೋಡಿ ತಿದ್ದಬಹುದು. ಕಿರ್ದಿಯನ್ನೇ ತಿದ್ದಿದರೆ ಆಮೇಲೆ ಆಧಾರವೇ ಉಳಿಯುವುದಿಲ್ಲ. ಸಾಧನದ ಸಂಗ್ರಹ ವಿಭಾಗವು ಕಿರ್ದಿಯಂತೆಯೂ ವಿಶ್ಲೇಷಣಾ ವಿಭಾಗವು ಖತಾವಣಿಯಂತೆಯೂ ಇರಬೇಕು.

ಇದರಿಂದ ಕೆಲವು ನಿಯಮಗಳು ಹೊರಡುತ್ತವೆ. ಮೊದಲನೆಯದಾಗಿ, ಯಂತ್ರವು ಬರೆದ ಮೂಲದಾಖಲೆಯನ್ನು ಒಂದು ಬೈಟನ್ನೂ ಬದಲಿಸದೆ ಸಂಕೋಚಿಸಿ ಇಡಬೇಕು. ಅದು ಬದಲಾಗಿಲ್ಲವೆಂದು ಮುಂದೆ ಖಚಿತಪಡಿಸಿಕೊಳ್ಳಲು ಅದರ ಹ್ಯಾಷ್ ಮೌಲ್ಯವನ್ನು ಜೊತೆಗಿಡಬೇಕು. ಎರಡನೆಯದಾಗಿ, ಪ್ರತಿಯೊಂದು ಸಾಲಿಗೂ ಬಂದ ವೇಳೆಯನ್ನು ಮತ್ತು ಅದು ಸಾಮಾನ್ಯ ವರದಿಯೋ ದೋಷದ ವರದಿಯೋ ಎಂಬುದನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಮೂರನೆಯದಾಗಿ, ನಿರ್ಮಾಣ ನಡೆದ ಪರಿಸರವನ್ನು, ಎಂದರೆ ಯಾವ ಉಪಕರಣದ ಯಾವ ಆವೃತ್ತಿ ಬಳಕೆಯಾಯಿತು ಮತ್ತು ಭಾಷಾ ಪರಿಸರದ ಹೊಂದಾಣಿಕೆ ಏನಿತ್ತು ಎಂಬುದನ್ನು ಬರೆದಿಡಬೇಕು. ನಾಲ್ಕನೆಯದಾಗಿ, ದಾಖಲೆಯಲ್ಲಿ ಕೆಲವೊಮ್ಮೆ ಗುಪ್ತಪದಗಳು ಸೇರಿಕೊಂಡಿರುತ್ತವೆ. ಆದ್ದರಿಂದ ಮೂಲವನ್ನು ಕಾಪಿಟ್ಟ ಜಾಗದಲ್ಲಿರಿಸಿ, ಅಂಥವನ್ನು ಮರೆಮಾಡಿದ ಪ್ರತಿಯನ್ನು ಮಾತ್ರ ಸಾರ್ವಜನಿಕಗೊಳಿಸಬೇಕು.

ಭಾಷಾ ಪರಿಸರದ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. 'ಕ' ಎಂಬುದರ ಯುನಿಕೋಡ್ ಸ್ಥಾನ 3221. ಅದನ್ನು ಅಷ್ಟಮಾನ ಪದ್ಧತಿಯ ಬೈಟುಗಳಾಗಿ ಬರೆದರೆ 340, 262, 225 ಆಗುತ್ತದೆ. 'ಗಿಟ್' ಎಂಬ ಪ್ರಸಿದ್ಧ ಉಪಕರಣವು ಕನ್ನಡ ಹೆಸರಿನ ಕಡತಗಳನ್ನು ತನ್ನ ರೂಢಿಯ ಹೊಂದಾಣಿಕೆಯಲ್ಲಿ ಹೀಗೆ ಅಂಕೆಗಳಾಗಿಯೇ ತೋರಿಸುತ್ತದೆ. ಸಂಗ್ರಾಹಕವು ಈ ಅಂಕೆಗಳನ್ನು ಗುರುತಿಸಿ ಓದುವ ಪ್ರತಿಯಲ್ಲಿ ಕನ್ನಡಕ್ಕೆ ತಿರುಗಿಸಬೇಕು. ನಿರ್ಮಾಣದ ಭಾಷಾ ಪರಿಸರವಾಗಿ, ಸಂದೇಶಗಳು ಇಂಗ್ಲಿಷಿನಲ್ಲಿಯೇ ಇದ್ದು ಪಠ್ಯ ಮಾತ್ರ ಯುಟಿಎಫ್-8 ಕ್ರಮದಲ್ಲಿರುವ 'ಸಿ.ಯುಟಿಎಫ್-8' ಎಂಬುದನ್ನು ಆರಿಸಿಕೊಳ್ಳುವುದು ಮೇಲು. 2022ರ ಗ್ನು ಸಿ ಗ್ರಂಥಾಲಯದ 2.35ನೆಯ ಆವೃತ್ತಿಯಿಂದ ಇದು ಅದರ ಅಂಗವಾಗಿಯೇ ಬರುತ್ತಿದೆ. ದೋಷದ ಸಂದೇಶಗಳು ಒಂದೇ ಭಾಷೆಯಲ್ಲಿದ್ದರೆ ಬೇರೆ ಬೇರೆ ಯಂತ್ರಗಳ ದಾಖಲೆಗಳನ್ನು ಹೋಲಿಸಬಹುದು; ಅವುಗಳ ಕನ್ನಡ ವಿವರಣೆಯನ್ನು ವಿಶ್ಲೇಷಣೆಯ ಹಂತದಲ್ಲಿ ಕೊಡಬಹುದು.

4. ವಿಶ್ಲೇಷಣೆಯ ಹಂತಗಳು

ಮೊದಲ ಹಂತ ಸಾಲುಗಳ ವರ್ಗೀಕರಣ. ಸಾವಿರಾರು ಸಾಲುಗಳಲ್ಲಿ ಹೆಚ್ಚಿನವು ಕೆಲವೇ ಅಚ್ಚುಗಳಿಂದ ಹುಟ್ಟಿದವು. ಕಡತದ ಹೆಸರು, ಸಾಲಿನ ಸಂಖ್ಯೆ, ಸಮಯ ಮೊದಲಾದ ಬದಲಾಗುವ ಭಾಗಗಳನ್ನು ತೆಗೆದರೆ ಉಳಿಯುವ ಸ್ಥಿರ ಭಾಗವೇ ಆ ಅಚ್ಚು. ಛಂದಸ್ಸಿನಲ್ಲಿ ಪದಗಳು ಬೇರೆಯಾದರೂ ಗಣವಿನ್ಯಾಸ ಒಂದೇ ಆಗಿರುವಂತೆ ಇದು. 2017ರಲ್ಲಿ ಪ್ರಕಟವಾದ 'ಡ್ರೇನ್' ಎಂಬ ವಿಧಾನವು ಇಂಥ ಅಚ್ಚುಗಳನ್ನು ಮರದ ಆಕಾರದ ರಚನೆಯೊಂದರ ಸಹಾಯದಿಂದ ತಾನಾಗಿಯೇ ಕಂಡುಹಿಡಿಯುತ್ತದೆ. ಹೊಸ ದಾಖಲೆಯಲ್ಲಿ ಹಿಂದೆಂದೂ ಕಾಣದ ಅಚ್ಚು ಬಂದರೆ ಅದು ಗಮನಕ್ಕೆ ಯೋಗ್ಯ. ಸದಾ ಬರುತ್ತಿದ್ದ ಅಚ್ಚು ಬಾರದಿದ್ದರೂ ಹಾಗೆಯೇ. ಕನ್ನಡದ ಅನುವಾದ ಕಡತವನ್ನು ಕಟ್ಟಿದೆನೆಂಬ ಸಾಲೇ ಮಾಯವಾಗಿದ್ದರೆ ಅದಕ್ಕಿಂತ ದೊಡ್ಡ ಸುದ್ದಿ ಬೇರೊಂದಿಲ್ಲ.

ಎರಡನೆಯ ಹಂತ ಮೂಲದೋಷದ ಶೋಧ. ಒಂದು ದೋಷ ಹಲವು ದೋಷಗಳಿಗೆ ದಾರಿಮಾಡುತ್ತದೆ. ದಾಖಲೆಯ ಕೊನೆಯಲ್ಲಿ ಕಾಣುವುದು ಪರಿಣಾಮವೇ ಹೊರತು ಕಾರಣವಲ್ಲ. ಆದ್ದರಿಂದ ಮೊದಲ ದೋಷವನ್ನು ಹುಡುಕಬೇಕು. ಆದರೆ ಹಲವು ಕೆಲಸಗಳು ಏಕಕಾಲದಲ್ಲಿ ನಡೆಯುವ ನಿರ್ಮಾಣದಲ್ಲಿ ಅವುಗಳ ಸಾಲುಗಳು ಬೆರೆತುಹೋಗುತ್ತವೆ. 2013ರಲ್ಲಿ ಬಂದ ಗ್ನು ಮೇಕ್‌ನ 4.0 ಆವೃತ್ತಿಯಲ್ಲಿ ಒಂದೊಂದು ಕೆಲಸದ ಸಾಲುಗಳನ್ನು ಒಟ್ಟಿಗೆ ಬರೆಯುವ ಸೌಲಭ್ಯ ಸೇರಿತು. ಸಾಧನವು ಈ ಸೌಲಭ್ಯವನ್ನು ಬಳಸುವಂತೆ ನಿರ್ಮಾಣವನ್ನು ಹೊಂದಿಸಬೇಕು.

ಮೂರನೆಯ ಹಂತ ಹೋಲಿಕೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದವರಿಗೆ ಪ್ರತಿಗಳನ್ನು ಹೋಲಿಸಿ ಪಾಠಾಂತರಗಳನ್ನು ಗುರುತಿಸುವ ಕ್ರಮ ಪರಿಚಿತ. ಸಂಪಾದಕರು ಲಿಪಿಕಾರನ ಕೈತಪ್ಪನ್ನೂ ಅರ್ಥಭೇದವುಳ್ಳ ಪಾಠಾಂತರವನ್ನೂ ಬೇರ್ಪಡಿಸುತ್ತಾರೆ. ಇಲ್ಲಿಯೂ ಸಮಯದ ಮುದ್ರೆಯಂಥ ನಿರರ್ಥಕ ವ್ಯತ್ಯಾಸವನ್ನು ಸಾರ್ಥಕ ವ್ಯತ್ಯಾಸದಿಂದ ಬೇರ್ಪಡಿಸಬೇಕು. 2013ರಿಂದ ಡೆಬಿಯನ್ನಿನಲ್ಲಿ ನಡೆದುಬಂದಿರುವ, ಒಂದೇ ಆಕರದಿಂದ ಯಾವಾಗ ಕಟ್ಟಿದರೂ ಬೈಟು ಬೈಟೂ ಒಂದೇ ಆಗಿರುವ ಫಲ ದೊರೆಯಬೇಕೆಂಬ ಪ್ರಯತ್ನದ ಹಿಂದೆ ಇದೇ ವಿವೇಕವಿದೆ. ಫಾಂಟಿನೊಳಗೆ ಅದನ್ನು ಕಟ್ಟಿದ ವೇಳೆ ಸೇರಿಕೊಳ್ಳುವುದರಿಂದ ಪ್ರತಿ ಸಲವೂ ಫಲ ಬೇರೆಯಾಗುತ್ತದೆ. ಆ ವೇಳೆಯನ್ನು ಸ್ಥಿರಗೊಳಿಸಿದಾಗ ಉಳಿಯುವ ವ್ಯತ್ಯಾಸವೇ ನಿಜವಾದ ಬದಲಾವಣೆ.

ನಾಲ್ಕನೆಯ ಹಂತ ಭಾಷಾ ಪರೀಕ್ಷೆ. ನಿರ್ಮಾಣ ಮುಗಿದೊಡನೆ ಅನುವಾದದ ಅಂಕಿಅಂಶವನ್ನು ಹಿಂದಿನ ಆವೃತ್ತಿಯದರೊಡನೆ ಹೋಲಿಸಬೇಕು. ಫಾಂಟಾದರೆ ಒತ್ತಕ್ಷರ, ಅರ್ಕಾವತ್ತುಗಳುಳ್ಳ ಪದಗಳ ಪಟ್ಟಿಯೊಂದನ್ನು ಅಕ್ಷರಜೋಡಣೆಯ ಉಪಕರಣಕ್ಕೆ ಕೊಟ್ಟು, ಹಲಂತ ಚಿಹ್ನೆ ಒಡೆದು ನಿಂತಿದೆಯೇ, ಆಕೃತಿಯಿಲ್ಲದ ಚೌಕ ಬಂದಿದೆಯೇ ಎಂದು ನೋಡಿ, ಆ ಫಲಿತಾಂಶವನ್ನೂ ದಾಖಲೆಗೆ ಸೇರಿಸಬೇಕು. ಯಾವ ಪದಗಳನ್ನು ಪಟ್ಟಿಗೆ ಸೇರಿಸಬೇಕೆಂಬುದು ಭಾಷೆ ಬಲ್ಲವರು ಹೇಳಬೇಕಾದ ಮಾತು.

5. ಹುಡುಕಾಟದ ತೊಡಕು

ಸಂಗ್ರಹವಾದುದನ್ನು ಹುಡುಕಲು 'ಎಸ್‌ಕ್ಯೂಲೈಟ್' ದತ್ತಸಂಚಯ ಸಣ್ಣ ತಂಡಗಳಿಗೆ ಸಾಕು. ಆದರೆ ಅದರ ಪೂರ್ಣಪಠ್ಯ ಶೋಧದಲ್ಲಿ ಒಂದು ತೊಡಕಿದೆ. ರೂಢಿಯ ಹೊಂದಾಣಿಕೆಯಲ್ಲಿ ಅದು ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ. ಯುನಿಕೋಡಿನ ವರ್ಗೀಕರಣದಲ್ಲಿ ಕನ್ನಡದ ಸ್ವರಚಿಹ್ನೆಗಳು ಅಕ್ಷರಗಳ ವರ್ಗಕ್ಕೆ ಸೇರಿಲ್ಲ, ಕೂಡುಚಿಹ್ನೆಗಳ ವರ್ಗಕ್ಕೆ ಸೇರಿವೆ. ಹೀಗಾಗಿ 'ಬೆಳಗಾವಿ' ಎಂಬ ಒಂದು ಪದ 'ಬ', 'ಳಗ', 'ವ' ಎಂಬ ಮೂರು ತುಣುಕುಗಳಾಗಿ ಒಡೆಯುತ್ತದೆ. ಕೂಡುಚಿಹ್ನೆಗಳನ್ನೂ ಪದದ ಭಾಗವೆಂದು ಪರಿಗಣಿಸಬೇಕೆಂದು ಸ್ಪಷ್ಟವಾಗಿ ವಿಧಿಸಿದರೆ ತೊಡಕು ನಿವಾರಣೆಯಾಗುತ್ತದೆ.

ಇನ್ನೊಂದು ಸಂಗತಿ ಏಕರೂಪತೆ. 'ೊ' ಎಂಬ ಚಿಹ್ನೆಯನ್ನು 3274ನೆಯ ಸ್ಥಾನದ ಒಂದೇ ಸಂಕೇತವಾಗಿಯೂ, 3270 ಮತ್ತು 3266ನೆಯ ಸ್ಥಾನಗಳ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಲು ಸಾಧ್ಯ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಮೂಲವನ್ನು ಮುಟ್ಟದೆ, ಶೋಧದ ಪ್ರತಿಯಲ್ಲಿ ಮಾತ್ರ ಇವನ್ನು ಒಂದೇ ರೂಪಕ್ಕೆ ತರಬೇಕು. ಕಿರ್ದಿ ಮತ್ತು ಖತಾವಣಿಗಳನ್ನು ಬೇರೆಯಾಗಿಡುವ ನಿಯಮದ ಪ್ರಯೋಜನ ಇಲ್ಲಿ ಮತ್ತೊಮ್ಮೆ ವ್ಯಕ್ತವಾಗುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟ. ನಿರ್ಮಾಣ ಯಶಸ್ವಿಯಾಯಿತೆಂಬ ಕೊನೆಯ ಸಾಲು ಯಂತ್ರದ ದೃಷ್ಟಿಯಿಂದ ಹೇಳಿದ ಮಾತು. ಕನ್ನಡ ಉಳಿಯಿತೇ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಆ ಪ್ರಶ್ನೆಯನ್ನು ಯಾರಾದರೂ ಕೇಳಿದ ಹೊರತು ಉತ್ತರ ದಾಖಲೆಯ ನಡುವೆ ಎಲ್ಲೋ ಹೂತುಹೋಗಿರುತ್ತದೆ. ಒಂದೊಂದು ಆವೃತ್ತಿಯಲ್ಲಿ ಹತ್ತಿಪ್ಪತ್ತು ವಾಕ್ಯಗಳಂತೆ ಕನ್ನಡ ಕಳಚುತ್ತ ಹೋದರೆ ಬಳಕೆದಾರರು ಬೇಸತ್ತು ಇಂಗ್ಲಿಷಿಗೆ ಹೊರಳುತ್ತಾರೆ. ಕನ್ನಡದ ತಂತ್ರಾಂಶಕ್ಕೆ ಬೇಡಿಕೆಯೇ ಇಲ್ಲವೆಂಬ ತೀರ್ಮಾನಕ್ಕೆ ಅದೇ ಆಧಾರವಾಗುತ್ತದೆ.

ಇಂಥ ಸಾಧನದ ಯಾಂತ್ರಿಕ ಭಾಗವನ್ನು ತಾಂತ್ರಿಕ ವಿದ್ಯಾರ್ಥಿಗಳು ಒಂದು ವರ್ಷದ ಯೋಜನೆಯಾಗಿ ಕೈಗೊಳ್ಳಬಹುದು. ಪರೀಕ್ಷೆಯ ಪದಪಟ್ಟಿ, ಸಂದೇಹಾಸ್ಪದ ಅನುವಾದಗಳ ಪರಿಶೀಲನೆ, ದೋಷಗಳ ಕನ್ನಡ ವಿವರಣೆ ಇವು ಕನ್ನಡ ವಿಭಾಗಗಳ ಕೆಲಸ. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ 2010ರಲ್ಲಿ ಸ್ಥಾಪನೆಯಾದ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವೂ ಇವೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ನಿತ್ಯ ಬಳಕೆಯಲ್ಲಿರುವ ಈ ಊರಿನಲ್ಲಿ ಒಂದೇ ತಂತ್ರಾಂಶದ ಎರಡು ಭಾಷೆಗಳ ಅನುವಾದಗಳನ್ನು ಅಕ್ಕಪಕ್ಕದಲ್ಲಿಟ್ಟು ಪರೀಕ್ಷಿಸುವ ಅನುಕೂಲವೂ ಉಂಟು. ಕೆಲಸವನ್ನು ಸಣ್ಣದಾಗಿಯೇ ಆರಂಭಿಸಬಹುದು. ಡೆಬಿಯನ್ನಿನಲ್ಲಿರುವ ಕನ್ನಡ ಫಾಂಟುಗಳ ತೆರೆದ ದಾಖಲೆಗಳನ್ನು ಕಾಲಾನುಕ್ರಮದಲ್ಲಿ ಸಂಗ್ರಹಿಸಿ, ಅವುಗಳ ಅಚ್ಚುಗಳನ್ನು ಗುರುತಿಸಿ, ಐವತ್ತು ಪದಗಳ ಪರೀಕ್ಷಾ ಪಟ್ಟಿಯೊಂದನ್ನು ಸಿದ್ಧಪಡಿಸಿದರೆ ಮೊದಲ ಹೆಜ್ಜೆ ಇಟ್ಟಂತಾಗುತ್ತದೆ. ತಾಳೆಗರಿಯ ಪ್ರತಿಗಳಲ್ಲಿ ಬಿಟ್ಟುಹೋದ ಒಂದು ಒತ್ತಕ್ಷರವನ್ನು ಗುರುತಿಸಲು ಬೇಕಾದ ಎಚ್ಚರವೇ ಈ ಕೆಲಸಕ್ಕೂ ಸಾಕು.